ಜಗಲಿಯ ಮೇಲಿನ ವೈಸು

ಕೈಯಲ್ಲಿ ಕಸುಬಿಲ್ಲದವರಿಗೇ ಹತಾರಗಳ ಮೇಲೆ ವ್ಯಾಮೋಹ ಹೆಚ್ಚು. ಇದು ನಾನು ನನ್ನನ್ನೇ ನೋಡಿ ಕಂಡುಕೊಂಡ ಸತ್ಯ. ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಮೊಳೆ ಹೊಡೆದರೆ ಮೊಳೆಯೂ ನೆಟ್ಟಗೆ ನಿಲ್ಲುವುದಿಲ್ಲ, ಗೋಡೆಯೂ ನೆಟ್ಟಗೆ ಉಳಿಯುವುದಿಲ್ಲ. ಆದರೂ ಕಮ್ಮಾರನ ಕುಲುಮೆ, ಸೈಕಲ್ ಷಾಪು ಕಂಡರೆ ಕಾಲು ಅಲ್ಲೇ ನಿಂತುಬಿಡುತ್ತದೆ. ಇದಕ್ಕೆ ಆಯುಧಪೂಜೆಯೂ ಒಂದು ಕಾರಣ. ಆ ದಿನ ನಮ್ಮ ಬೀದಿಯಲ್ಲಿ ಒಬ್ಬರು ಹೊಲಿಗೆ ಯಂತ್ರಕ್ಕೆ, ಇನ್ನೊಬ್ಬರು ರೇಷ್ಮೆ ತೆಗೆಯುವ ಚರಕಕ್ಕೆ, ಮತ್ತೊಬ್ಬರು ನೇಗಿಲಿಗೆ ಹೂವೇರಿಸಿ ಮೆರೆಯುವಾಗ, ನಾನು ಒಂದು ಫೌಂಟನ್ ಪೆನ್ನಿಗೆ ಕುಂಕುಮ ಹಚ್ಚಿ ಕೈ ಮುಗಿಯಬೇಕು. ಪಕ್ಕದಲ್ಲಿ ನನ್ನ ಹೆಂಡತಿ ರತ್ನಮ್ಮನ ಈಳಿಗೆಮಣೆ. ಎರಡನ್ನೂ ನೋಡಿದವರಿಗೆ ಮನೆಯ ಯಜಮಾನರು ಯಾರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಿರುವಾಗ ಒಂದು ಶ್ರಾವಣದಲ್ಲಿ ಕಚೇರಿ ಕೆಲಸದ ಮೇಲೆ ಚಿಂತಾಮಣಿಗೆ ಹೋಗಿದ್ದೆ. ಅಲ್ಲಿ ವೀರಾಚಾರ್ ಎಂಬ ಮುದುಕರು ಕೈ ನಡುಗುತ್ತದೆಂದು ತಮ್ಮ ರಿಪೇರಿ ಷೆಡ್ಡನ್ನು ಮುಚ್ಚುತ್ತಿದ್ದರು. ಮೂಲೆಯಲ್ಲಿ ತುಕ್ಕು ಹಿಡಿದು ಕೂತಿತ್ತು ಒಂದು ಹಳೆಯ ವೈಸು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಇಕ್ಕಳದ ಮುತ್ತಜ್ಜ; ಮೇಜಿಗೆ ಬಿಗಿದು ತಿರುಪು ತಿರುಗಿಸಿದರೆ ಎಂಥ ವಸ್ತುವನ್ನಾದರೂ ಅಲುಗಾಡದಂತೆ ಕಚ್ಚಿ ಹಿಡಿಯುತ್ತದೆ. ನೋಡಿದ ಕೂಡಲೇ ನನಗೆ ಅದು ಬೇಕೇಬೇಕು ಎನಿಸಿತು. ಬೆಲೆಯ ವಿಷಯದಲ್ಲಿ ಆಚಾರ್ ಧಾರಾಳವಾಗಿದ್ದರು. ಕಟ್ಟುನಿಟ್ಟು ಮಾಡಿದ್ದು ಬೇರೆಯದರಲ್ಲಿ.

"ಇದು ನಲವತ್ತು ವರ್ಷ ನನ್ ಜೊತೆ ದುಡಿದೈತೆ ಸ್ವಾಮಿ," ಎಂದರು. "ನಿಮ್ಮೂರಾಗೆ ನನ್ ಮಗಳವ್ಳೆ. ಸಂಕ್ರಾಂತಿಗೆ ಬಂದಾಗ ನೋಡ್ತೀನಿ. ಕೆಲಸ ಮಾಡ್ತಾ ಇದ್ರೆ ನಿಮ್ದು. ಬೊಂಬೆ ಹಂಗೆ ಕೂತಿದ್ರೆ ನಿಮ್ ದುಡ್ಡು ನಿಮಗೆ ಕೊಟ್ಟು ಎತ್ಕೊಂಡ್ ಹೋಗ್ತೀನಿ."

ನಾನು ಧೈರ್ಯವಾಗಿ ಒಪ್ಪಿದೆ. ಗೋಣಿತಾಟಿನಲ್ಲಿ ಸುತ್ತಿ, ಪುಟ್ಟ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಎದುರಿಗಿದ್ದ ಅಜ್ಜಿಯೊಬ್ಬರು ಯಾವ ದೇವರಪ್ಪಾ ಎಂದು ಕೇಳಿ ಕೈ ಮುಗಿದರು. ತಿದ್ದಲು ಮನಸ್ಸಾಗದೆ ಸುಮ್ಮನೆ ತಲೆಯಾಡಿಸಿದೆ.

ಆಮೇಲಿನ ಎರಡು ತಿಂಗಳು ನನ್ನ ಬಾಳಿನ ಸುಖದ ದಿನಗಳು. ವೈಸನ್ನು ವಾರಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಬೆಳಿಗ್ಗೆ ಸಂಜೆ ಉಪ್ಪುಕಾಗದ ಹಿಡಿದು ಉಜ್ಜಿದೆ. ತುಕ್ಕಿನಡಿಯಿಂದ ಬೆಳ್ಳಗೆ ಕಬ್ಬಿಣ ಕಂಡ ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಹಸಿರು ಬಣ್ಣ ಬಳಿದೆ. ಬಡಗಿಯಿಂದ ಜಗಲಿಯಲ್ಲಿ ಹಲಸಿನ ಹಲಗೆಯ ಮೇಜು ಮಾಡಿಸಿ ಬಿಗಿಸಿದೆ. ಆ ಆಯುಧಪೂಜೆಯ ದಿನ ನಮ್ಮ ಜಗಲಿಯ ಮುಂದೆ ನಿಲ್ಲದೆ ಮುಂದೆ ಹೋದವರಿಲ್ಲ.

ಮಾರನೆಯ ದಿನದಿಂದ ತಾಪತ್ರಯ ಶುರುವಾಯಿತು. ಅದರ ಬಾಯಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಇದ್ದಿದ್ದರೂ ಕೊಡಲು ಮನಸ್ಸು ಬರುತ್ತಿರಲಿಲ್ಲ. ಅಷ್ಟು ಚೆನ್ನಾದ ದವಡೆಗೆ ಗೀರು ಬಿದ್ದರೆ? ಹಾಗಾಗಿ ಹಳೆಯ ಪಂಚೆಯೊಂದನ್ನು ಹೊದಿಸಿ ಕಚೇರಿಗೆ ಹೋಗುತ್ತಿದ್ದೆ. ಸಂಜೆ ಬಂದು ತೆಗೆದು, ಒರೆಸಿ, ಎಣ್ಣೆ ಬಿಟ್ಟು, ನಾಲ್ಕು ಸಲ ತಿರುಪು ತಿರುಗಿಸಿ ಆನಂದಪಡುತ್ತಿದ್ದೆ. ತಿರುಪು ದಿನದಿನಕ್ಕೆ ಹಗುರವಾಗುತ್ತಿತ್ತು. ಎಲ್ಲ ನನ್ನ ಆರೈಕೆಯ ಫಲ ಎಂದುಕೊಂಡೆ. ಎಣ್ಣೆಯ ಡಬ್ಬಿ ಬೇಗ ಖಾಲಿಯಾದಾಗ ಹಳೆಯ ಕಬ್ಬಿಣ ಎಣ್ಣೆ ಕುಡಿಯುತ್ತದೆ ಎಂದು ರತ್ನಮ್ಮನಿಗೆ ವಿವರಿಸಿದೆ. ಅವಳು ಹೂಂ ಎಂದಳು. ಆ ನಡುವೆ ನನ್ನ ಹಳೆಯ ಚಪ್ಪಲಿಯ ಒಂದು ಕಾಲು ಕಳೆದುಹೋಯಿತು. ಬೀದಿನಾಯಿಯನ್ನು ಬೈದೆ. ಅದಕ್ಕೂ ಹೂಂ ಎಂದಳು.

ಸಂಕ್ರಾಂತಿ ಬಂತು. ಆಚಾರ್ ಮಗಳ ಮನೆಗೆ ಬಂದಿದ್ದಾರೆಂಬ ಸುದ್ದಿಯೂ ಬಂತು. ನನ್ನ ವೈಸು ಕೈಬಿಟ್ಟು ಹೋಗುತ್ತದೆ! ದವಡೆಯ ಮೇಲೆ ಒಂದೆರಡು ಗೀರಾದರೂ ಎಳೆದು ಕೆಲಸದ ಕುರುಹು ಮಾಡೋಣವೆಂದು ಮೊಳೆ ಹಿಡಿದು ನಿಂತೆ. ಕೈ ಬರಲಿಲ್ಲ. ಅಷ್ಟರಲ್ಲಿ ಮುದುಕರು ಮೆಟ್ಟಿಲು ಹತ್ತಿಯೇಬಿಟ್ಟರು.

ಅವರು ಪಂಚೆ ಸರಿಸಿದರು. ದವಡೆಯ ಮೇಲೆ ಹೆಬ್ಬೆರಳಾಡಿಸಿದರು. ಗೀರಿಲ್ಲ. ಅವರ ಮುಖ ಸಪ್ಪಗಾಯಿತು. ಆಮೇಲೆ, ನಾನು ಎಂದೂ ಮಾಡದ ಒಂದು ಕೆಲಸ ಮಾಡಿದರು. ಬಗ್ಗಿ, ತಿರುಪಿನ ಅಡಿಗೆ ಬೆರಳು ಹಾಕಿ ತೆಗೆದರು. ಬೆರಳ ತುಂಬ ಎಣ್ಣೆಯಲ್ಲಿ ಕಲಸಿದ ಕಪ್ಪು ಪುಡಿ.

"ಅರ ಹಾಕಿ ಕಬ್ಬಿಣ ಉಜ್ಜಿರೋ ಪುಡಿ ಇದು," ಎಂದರು. "ಏನು ಕೆಲಸ ಮಾಡಿದ್ರಿ ಸ್ವಾಮಿ?"

ನಾನೂ ಬಗ್ಗಿ ನೋಡಿದೆ. ಹೊಸ್ತಿಲ ಒಳಗಿನಿಂದ ರತ್ನಮ್ಮ ಹೇಳಿದಳು: "ಅದು ನಾನು ಕಣಣ್ಣ. ಈಳಿಗೆಮಣೆ ಮೊಂಡಾಗಿತ್ತು, ಅರ ಹಾಕ್ದೆ. ಆಮೇಲೆ ಬೀದಿಯವರೂ ತಂದುಕೊಟ್ರು. ಇವರಿಗೆ ಗೀರು ಬಿದ್ರೆ ಸಂಕಟ ಆಗುತ್ತೆ ಅಂತ ದವಡೆಗೆ ಎರಡೂ ಕಡೆ ಚರ್ಮ ಇಟ್ಕೊಂಡೇ ಮಾಡ್ತಿದ್ದೆ."

ಅವಳು ಒಳಗಿನಿಂದ ತಂದ ಚರ್ಮದ ಎರಡು ತುಂಡುಗಳನ್ನು ನೋಡಿದ ಕೂಡಲೇ ನನ್ನ ಚಪ್ಪಲಿಯ ಗುರುತು ಸಿಕ್ಕಿತು. ನಾನು ಮರೆತೇಬಿಟ್ಟಿದ್ದೆ, ಅವಳು ಜಂಗಮಕೋಟೆಯವಳು, ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುವ ಕತ್ತಿಗೆ ಅರ ಹಾಕುತ್ತಲೇ ಬೆಳೆದವಳು. ಆಚಾರ್, "ಮಾಡಿ ತೋರಿಸಮ್ಮ" ಎಂದರು. ಅವಳು ಸೆರಗು ಸಿಕ್ಕಿಸಿ, ಈಳಿಗೆಮಣೆಯನ್ನು ವೈಸಿಗೆ ಬಿಗಿದು ಅರ ಹಿಡಿದಳು. ಹೋಗುವಾಗ ಒತ್ತು, ಬರುವಾಗ ಎತ್ತು ಎಂದು ಮುದುಕರು ಹೇಳುವಷ್ಟರಲ್ಲಿ ಅವಳ ಕೈ ಹಾಗೆಯೇ ಆಡುತ್ತಿತ್ತು. ಅವರು ತಮ್ಮ ನಡುಗುವ ಕೈಯನ್ನು ವೈಸಿನ ಬೆನ್ನ ಮೇಲಿಟ್ಟು, ಅದರ ಅದುರುವಿಕೆಯನ್ನು ಅಂಗೈಯಲ್ಲೇ ಕೇಳುತ್ತ, "ಬಾಗುಂದಮ್ಮಾ, ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು.

ಹೊರಡುವಾಗ ಅವರು ನನ್ನ ಕಡೆ ತಿರುಗಿ, "ಇಲ್ಲೇ ಇರ್ಲಿ ಸ್ವಾಮಿ. ಆದ್ರೆ ಇದು ಅಮ್ಮಾವ್ರದು," ಎಂದರು.

ಈ ಸಲದ ಆಯುಧಪೂಜೆಗೆ ವೈಸಿನ ಮುಂದೆ ಬೀದಿಯ ಈಳಿಗೆಮಣೆಗಳೆಲ್ಲ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಒಂದು ಸಂದು ಹುಡುಕಿ ನನ್ನ ಪೆನ್ನನ್ನೂ ಇಟ್ಟೆ. ರತ್ನಮ್ಮ ಅದನ್ನು ಎತ್ತಿ, ಬೆಳಕಿಗೆ ಹಿಡಿದು ನಿಬ್ಬು ನೋಡಿದಳು.

"ಇದೂ ಮೊಂಡಾಗಿದೆ ಕಣ್ರೀ, ಅರ ಹಾಕ್ಲಾ?" ಎಂದಳು.

ಬೇಡ ಎಂದು ಕಿತ್ತುಕೊಂಡೆ. ಇಷ್ಟನ್ನೂ ಬರೆದದ್ದು ಆ ಪೆನ್ನಿನಲ್ಲೇ. ಓದಿದ ಮೇಲೆ, ಹಾಕಿಸಬೇಕಾಗಿತ್ತು ಎಂದು ನಿಮಗನ್ನಿಸಿದರೆ ದಯವಿಟ್ಟು ಅವಳಿಗೆ ಹೇಳಬೇಡಿ.