ಟ್ಯಾಂಕ್ ಓಡಿಸಿದವನ ನೀರಿನ ಪಾಡು

ಗಡಿಯಲ್ಲಿದ್ದಾಗ ಯಾರು ಶತ್ರು, ಯಾರು ನಮ್ಮೋರು ಅಂತ ಒಂದು ದಿನವೂ ನನಗೆ ಗೊಂದಲ ಆಗಿರ್ಲಿಲ್ಲ. ಸೈನ್ಯ ಬಿಟ್ಟು ಬಾಗಲೂರಲ್ಲಿ ಮನೆ ಕಟ್ಟಿದ ಮೇಲೆ ವಾರಕ್ಕೊಂದು ಸಲನಾದ್ರೂ ತಲೆ ಕೆಟ್ಟು ಕೆರ ಹಿಡಿಯುತ್ತೆ.

ಬೋರ್ಡು

ಗೇಟಿಗೆ ‘ಎಕ್ಸ್ ಸರ್ವೀಸ್‌ಮನ್’ ಅಂತ ಬೋರ್ಡು ಹಾಕಿಸಿದೆ. ಮಾರನೇ ದಿನ ಎದುರು ಮನೆ ಅಜ್ಜಿ ಕೆಟ್ಟ ಮಿಕ್ಸಿ ಎತ್ಕೊಂಡು ಬಂದ್ರು. ಸರ್ವೀಸ್ ಅಂದ್ರೆ ರಿಪೇರಿ ಅಲ್ಲಜ್ಜಿ, ನಾನು ಯುದ್ಧ ಮಾಡಿ ಬಂದೋನು, ದೇಶಸೇವೆ ಅಂತ ಕಾಲು ಗಂಟೆ ವಿವರಿಸಿದೆ. ಅಜ್ಜಿ ಶ್ರದ್ಧೆಯಿಂದ ಕೇಳಿಸ್ಕೊಂಡು, “ಆಗ್ಲಪ್ಪ. ಮಿಕ್ಸಿ ಬಿಟ್ಬುಡು, ಫ್ಯಾನಾದ್ರೂ ರಿಪೇರಿ ಮಾಡ್ತೀಯಾ?” ಅಂದ್ರು.

ಟ್ಯಾಂಕ್

ನಮ್ಮ ಬೀದಿಗೆ ನಲ್ಲಿ ನೀರಿರ್ಲಿಲ್ಲ. ಆ ಅಜ್ಜಿ ನೋವಿನ ಮಂಡಿ ಇಟ್ಕೊಂಡು ಮೇನ್ ರೋಡಿಂದ ಕೊಡ ಹೊರೋದನ್ನ ನೋಡೋಕಾಗ್ತಿರ್ಲಿಲ್ಲ. ಏನಾದ್ರೂ ಮಾಡ್ಬೇಕು ಅಂತ ಬೀದಿ ಸಂಘದ ಮೀಟಿಂಗಿಗೆ ಹೋದೆ. ಪರಿಚಯ ಮಾಡ್ಕೊಳ್ತಾ, ಹದಿನೆಂಟು ವರ್ಷ ಟ್ಯಾಂಕ್ ಓಡಿಸಿದ್ದೀನಿ ಅಂದೆ. ಎಲ್ಲರ ಮುಖವೂ ಅರಳಿಬಿಡ್ತು. ಅಲ್ಲೇ, ಆಗಲೇ, ಒಕ್ಕೊರಲಿನಿಂದ ನನ್ನನ್ನ ಅಧ್ಯಕ್ಷ ಮಾಡಿದ್ರು. ನಾನು ಉಬ್ಬಿಹೋದೆ. ಹಾಲಿನ ಅಂಗಡಿಯವನು ಹಾರ ಹಾಕ್ತಾ ಕಿವಿಯಲ್ಲಿ ಮೆಲ್ಲಗೆ ಕೇಳಿದ: “ಸಾರ್, ನಿಮ್ದು ಎಷ್ಟು ಲೀಟರಿನ ಟ್ಯಾಂಕು?”

ಫ್ಲೆಕ್ಸು

ಅಧ್ಯಕ್ಷ ಆದ ತಪ್ಪಿಗೆ ಎರಡು ವರ್ಷ ನೀರಿನ ಕಚೇರಿಗೆ ಅಲೆದೆ. ಪೈಪೇನೋ ಹಾಕಿದ್ರು, ಮನೆಗಳಿಗೆ ಕನೆಕ್ಷನ್ ಕೊಡ್ಲಿಲ್ಲ. ಇಂಜಿನಿಯರ್ ಜೊತೆ ಜಗಳ ಆಡಿ ಆಡಿ ನಾನು ಸೊರಗಿದ್ದೆ. ಪಾಪ, ಬೀದಿಯವರು ನನ್ನ ಹುರುಪು ಹೆಚ್ಚಿಸೋಕೆ ಅಂತ ಒಂದು ಫ್ಲೆಕ್ಸ್ ಮಾಡಿಸಿದ್ರು. ಚಿಕ್ಕಜಾಲದ ಫ್ಲೆಕ್ಸ್ ಅಂಗಡಿಯವನಿಗೆ ಯೋಧರು, ಗೌರವವಾಗಿ ಮಾಡು ಅಂದಿದ್ದಾರೆ ಅಷ್ಟೆ. ಯೋಧರಿಗೆ ಅವನು ಅಲ್ಲೀವರೆಗೆ ಮಾಡಿದ್ದು ಒಂದೇ ಥರದ ಫ್ಲೆಕ್ಸು. ಯೂನಿಫಾರ್ಮಿನ ನನ್ನ ಫೋಟೋ, ಅಕ್ಕಪಕ್ಕ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’.

ಕಿತ್ತುಹಾಕೋಣ ಅಂತ ಚಪ್ಪಲಿ ಮೆಟ್ಟೋದ್ರೊಳಗೆ ಹಾಲಿನ ಅಂಗಡಿಯವನು ಓಡಿಬಂದ. ಇಂಜಿನಿಯರ್ ಅದನ್ನ ನೋಡಿ, ಜೀಪಿಂದ ಇಳಿದು ಕೈ ಮುಗಿದ್ರಂತೆ. ಬದುಕಿದ್ದಾಗ ಆ ಮನುಷ್ಯನ್ನ ಬಹಳ ಅಲೆಸಿಬಿಟ್ಟೆ ಅಂತ ಕಣ್ಣೊರೆಸ್ಕೊಂಡು, ಈ ವಾರವೇ ಎಲ್ಲ ಮನೆಗೂ ಕನೆಕ್ಷನ್ ಕೊಡಿ ಅಂದ್ರಂತೆ.

“ಸಾರ್, ಕೈ ಮುಗೀತೀನಿ, ನಾಲ್ಕು ದಿನ ಮನೆಯಿಂದ ಈಚೆ ಬರ್ಬೇಡಿ,” ಅಂದ.

ಸತ್ಯ ಹೇಳ್ಬೇಕೋ, ಸತ್ತಂಗೆ ಇರ್ಬೇಕೋ ಗೊತ್ತಾಗ್ಲಿಲ್ಲ. ಅಜ್ಜಿಯ ಮಂಡಿ ನೆನಪಾಯ್ತು. ಕರ್ಟನ್ ಎಳ್ಕೊಂಡು ಒಳಗೆ ಕೂತೆ.

ಐದನೇ ದಿನ ಅಜ್ಜಿ ಮನೆ ನಲ್ಲಿಯಲ್ಲಿ ನೀರು ಧೋ ಅಂತ ಬಿದ್ದ ಸದ್ದು. ಸಂತೋಷ ತಡೀಲಾರದೆ ಗೇಟಿಗೆ ಬಂದುಬಿಟ್ಟೆ. ಎದುರಿಗೇ ಇಂಜಿನಿಯರ್. ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿ, ನೀವು ಅವರ ತಮ್ಮನಾ ಅಂತ ಕೇಳಿದ್ರು. ಹೌದು ಅಂದೆ. ನನ್ನ ಕೈ ಹಿಡ್ಕೊಂಡು ಅವರು ಹೇಳಿದ್ದು ಇಷ್ಟು:

“ನಿಮ್ಮ ಮನೇದೊಂದು ಬಾಕಿ ಇದೆ. ಅರ್ಜಿ ಅಣ್ಣನ ಹೆಸರಲ್ಲಿದೆ ನೋಡಿ. ಅವರ ಡೆತ್ ಸರ್ಟಿಫಿಕೇಟ್ ತಂದ್ಕೊಡಿ, ನಾಳೆನೇ ಕನೆಕ್ಷನ್ ಕೊಡಿಸ್ತೀನಿ.”

ಈಗ ಬೀದಿಗೆಲ್ಲ ನೀರಿದೆ. ನಾನು ಮಾತ್ರ ದಿನಾ ಅಜ್ಜಿ ಮನೆಯಿಂದ ಎರಡು ಕೊಡ ಹೊರ್ತೀನಿ. ಅಜ್ಜಿಗೆ ನನ್ನನ್ನ ನೋಡಿ ಕರುಳು ಚುರುಕ್ ಅನ್ನುತ್ತಂತೆ. ನಿನ್ನೆ ಕೊಡ ಎತ್ತಿಕೊಡ್ತಾ ಅಂದ್ರು:

“ಅದೇನೋ ಸರ್ಟಿಫಿಕೇಟ್ ಕೇಳವ್ರಂತಲ್ಲಪ್ಪ. ಇಂಗೆ ಎಷ್ಟು ದಿನ ಕಷ್ಟ ಪಡ್ತೀಯ, ಮಾಡುಸ್ಕೊಂಡ್ಬುಡು.”