ತುಳಿಯಬಾರದ ಹಿಮ

ಆ ಬೆಳಿಗ್ಗೆ ಎಚಿಗೊ ಸೀಮೆಯ ಅಶಿನೊ ಹಳ್ಳಿಯಲ್ಲಿ ಹಿಮ ಬೀಳುವುದು ನಿಂತಿತ್ತು. ಒಂಬತ್ತು ದಿನ ಬಿಡದೆ ಸುರಿದ ಆಕಾಶ ಹೆತ್ತು ಹಗುರಾದ ಬಾಣಂತಿಯ ಹಾಗೆ ಬಿಳಿಚಿಕೊಂಡು ಮಲಗಿತ್ತು. ಶಾಲೆಯ ಹೋಶಿನಾ ಮೇಷ್ಟ್ರು ಎದ್ದು ಮೂಡಲಿಗೆ ಕೈಮುಗಿದರು. ಇವತ್ತು ಏನೇ ಆಗಲಿ, ಹಿತ್ತಿಲಿನ ಹಿಮದ ಮೇಲೆ ಒಬ್ಬರ ಪಾದವೂ ಬೀಳಬಾರದು ಎಂದು ಗಟ್ಟಿಮನಸ್ಸು ಮಾಡಿದರು.

ಶಾಲೆಯ ಮುಂದಿನ ಅಂಗಳದಲ್ಲಿ ಅಡಿ, ಅಂಗುಲಗಳ ಗೀಟು ಹಾಕಿದ ಸರ್ಕಾರಿ ಕೋಲೊಂದು ನೆಟ್ಟಿತ್ತು. ದಿನವೂ ಹತ್ತು ಗಂಟೆಗೆ ಹಿಮ ಎಷ್ಟು ಏರಿದೆಯೆಂದು ಅದರಲ್ಲಿ ನೋಡಿ ಜಿಲ್ಲೆಗೆ ಬರೆಯುವುದು ಮೇಷ್ಟ್ರ ಕೆಲಸ. ದೇವರು ಕೊಟ್ಟದ್ದನ್ನು ಕೊಟ್ಟಷ್ಟೇ ಬರೆಯುವುದೂ ಒಂದು ಪೂಜೆ ಎಂದು ನಂಬಿದವರು ಅವರು. ಆದರೆ ಅಶಿನೊದ ಜನಕ್ಕೆ ಹಿಮ ಕಂಡರೆ ಕಾಲು ಸುಮ್ಮನಿರದು. ಕಾಲು ಹಿಮದಲ್ಲಿ ಇಳಿಯದಂತೆ ಬಾಗಿಸಿದ ಕೊಂಬೆಯ ಅಗಲವಾದ ಹಿಮಮೆಟ್ಟು ಪಾದಕ್ಕೆ ಕಟ್ಟಿಕೊಂಡು, ನೆರೆಯವರು ಹೂತುಹೋಗದಿರಲೆಂದು ದಾರಿ ತುಳಿದು ಗಟ್ಟಿಮಾಡುವುದು ಅಲ್ಲಿ ದಿನದ ಮೊದಲ ಪುಣ್ಯ. ಮೇಷ್ಟ್ರ ಮೇಲಿನ ಅಕ್ಕರೆಗೆ ಕೋಲಿನ ಬುಡವನ್ನಂತೂ ಮೂರು ಸುತ್ತು ಹೆಚ್ಚಾಗಿಯೇ ತುಳಿಯುತ್ತಿದ್ದರು. ಸುತ್ತಲೂ ಆರಡಿ ಹಿಮವಿದ್ದರೆ ಕೋಲಿನ ಹತ್ತಿರ ಐದೇ ಅಡಿ.

ನಾಲ್ಕು ಚಳಿಗಾಲ ಸುಳ್ಳು ಬರೆದು ಸಾಕಾಗಿ, ಮೇಷ್ಟ್ರು ಕೋಲನ್ನು ಹಿತ್ತಿಲಿಗೆ ಸರಿಸಲು ಅಪ್ಪಣೆ ಕೇಳಿದ್ದರು. ‘ಹಿತ್ತಿಲಲ್ಲಿ ಇನ್ನೊಂದು ಕೋಲು ನೆಡಿ. ಅಧಿಕಾರಿ ಬಂದು ನೋಡುತ್ತಾರೆ. ವ್ಯತ್ಯಾಸ ಕಂಡರೆ ಸರಿಸಬಹುದು, ಇಲ್ಲದಿದ್ದರೆ ಈಗಿದ್ದಲ್ಲೇ ಇರಲಿ’ ಎಂದು ಉತ್ತರ ಬಂದಿತ್ತು. ಹಿತ್ತಿಲಲ್ಲಿ ಕೋಲು ನೆಟ್ಟಾಗಿತ್ತು; ಆ ಅಧಿಕಾರಿ ಬರುವ ದಿನ ಇವತ್ತು.

ಎಂಟು ಗಂಟೆಗೆ ಪಕ್ಕದ ಮನೆಯ ಓತಾನೆ ಅಜ್ಜಿ ಹಿಮಮೆಟ್ಟು ಕಟ್ಟಿಕೊಂಡು ಹಿತ್ತಿಲ ಬೇಲಿಯ ಹತ್ತಿರ ಪ್ರತ್ಯಕ್ಷಳಾದಳು.

“ಅಜ್ಜೀ, ಅಲ್ಲೇ ನಿಂತ್ಕೊಳ್ಳಿ.”

“ಯಾಕಪ್ಪಾ? ಕೋಲು ನೆಟ್ಟಿದ್ದೀಯ, ದಾರಿ ಮಾಡಿಲ್ಲ. ನೀನು ಹೂತುಹೋದ್ರೆ ಮಕ್ಕಳಿಗೆ ಅಕ್ಷರ ಹೇಳೋರ್ಯಾರು?”

“ನಾನು ಹೂತುಹೋದ್ರೂ ಪರವಾಗಿಲ್ಲ. ತುಳಿಬೇಡಿ.”

“ಪರವಾಗಿಲ್ವಂತೆ! ನಿನ್ನ ತಾಯಿ ಇದ್ದಿದ್ರೆ ಕಿವಿ ಹಿಂಡೋಳು,” ಎಂದು ಒಂದು ಕಾಲು ಮುಂದಿಟ್ಟಳು. ಮೇಷ್ಟ್ರು ಅಡ್ಡಬಿದ್ದು ಕಾಲು ಹಿಡಿದ ಮೇಲೆಯೇ ಅಜ್ಜಿ ಹಿಂದೆ ಸರಿದದ್ದು. ‘ಓದಿ ಓದಿ ತಲೆ ಕೆಟ್ಟಿದೆ’ ಎಂಬ ಸುದ್ದಿ ಅವಳಿಗಿಂತ ಮೊದಲೇ ಬೀದಿ ಮುಟ್ಟಿತು.

ಅದನ್ನು ಕೇಳಿ ತೋಫು ಮಾರುವ ಗೋಸುಕೆ ಸಲಿಕೆ ಹೊತ್ತು ಬಂದ. “ಮೇಷ್ಟ್ರೇ, ಹುಷಾರಿಲ್ವಂತೆ? ನೀವು ಮಲಗಿ. ಹಿತ್ತಿಲು ನನಗೆ ಬಿಡಿ, ಅರ್ಧ ಗಳಿಗೇಲಿ ನೆಲ ಕಾಣೋ ಹಾಗೆ ಮಾಡ್ತೀನಿ.”

“ನೆಲ ಕಾಣಿಸಿದ್ರೆ ನಿನಗೆ ನನ್ನ ಮುಖ ಕಾಣ್ಸಲ್ಲ ಗೋಸುಕೆ,” ಎಂದು ಮೇಷ್ಟ್ರು ಸಲಿಕೆಗೆ ಜೋತುಬಿದ್ದರು. ಗೋಸುಕೆ ಎಳೆದ, ಮೇಷ್ಟ್ರು ಬಿಡಲಿಲ್ಲ. ಇಬ್ಬರೂ ಉರುಳಿದ್ದು ಪುಣ್ಯಕ್ಕೆ ಬೇಲಿಯ ಆಚೆಗೆ.

ಹತ್ತು ಗಂಟೆಗೆ ಮೇಷ್ಟ್ರು ಹಿತ್ತಿಲಿನ ಕೋಲನ್ನು ದೂರದಿಂದಲೇ ನೋಡಿದರು. ಆರಡಿ, ಮೇಲೆ ಎರಡಂಗುಲ. ಕಣ್ಣು ಒದ್ದೆಯಾಯಿತು. ಮಧ್ಯಾಹ್ನ ಅಧಿಕಾರಿಯನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಹೋದರೆ, ರೈಲು ಹಿಮದಲ್ಲಿ ಸಿಕ್ಕಿ ಎರಡು ಊರು ಹಿಂದೆಯೇ ನಿಂತಿದೆಯೆಂದರು. ಒಂದು ತಾಸು ಕಾದು, ಬರಿಗೈಯಲ್ಲಿ ಹಿಂದಿರುಗಿದರು.

ಹಿತ್ತಿಲಲ್ಲಿ ಕೋಲಿನ ಸುತ್ತ ಯಾರೋ ಅಪರಿಚಿತ, ಗಾಣದೆತ್ತಿನ ಹಾಗೆ, ಒಂದೇ ಸಮನೆ ತುಳಿಯುತ್ತಿದ್ದ. ಹಿಮ ಚಾಪೆಯ ಹಾಗೆ ನುಣ್ಣಗಾಗಿತ್ತು. ಆತ ಹಿಮಮೆಟ್ಟಿನ ದಾರ ಬಿಗಿಯಲೆಂದು ಕುಳಿತದ್ದೇ ತಡ, ಮೇಷ್ಟ್ರು ಹಾರಿಹೋಗಿ ಅವನ ಎರಡೂ ಹಿಮಮೆಟ್ಟು ಕಿತ್ತುಕೊಂಡರು.

“ಯಾವನಯ್ಯಾ ನೀನು? ಯಾವ ಜನ್ಮದ ಸೇಡು ತೀರಿಸ್ಕೋತಿದ್ದೀಯ? ಇಲ್ಲಿಂದ ಒಂದು ಹೆಜ್ಜೆ ಹೇಗಿಡ್ತೀಯೋ ನೋಡ್ತೀನಿ.”

ಆತ ಹಿಂದೆ ಸರಿದು ತುಳಿಯದ ಹಿಮಕ್ಕೆ ಕಾಲಿಟ್ಟು, ಸೊಂಟದವರೆಗೆ ಇಳಿಯುತ್ತಲೇ ಅಂಗಿಯೊಳಗಿಂದ ಜಿಲ್ಲೆಯ ಮೊಹರಿನ ಕಾಗದ ತೆಗೆದರು. “ನಾನು ಕುವಾಬಾರಾ. ರೈಲು ನಿಂತ್ಹೋಯ್ತು, ಗುಡ್ಡ ಹತ್ತಿ ನಡೆದೇ ಬಂದೆ. ಏನ್ರೀ ಮೇಷ್ಟ್ರೇ, ಸರ್ಕಾರದ ಕೋಲಿಗೆ ಒಂದು ದಾರಿ ಬೇಡ್ವೆ? ನಮ್ಮೂರಲ್ಲಿ ನೆಂಟ ಬಂದ್ರೂ ಮೊದಲು ಅಂಗಳ ತುಳಿದು, ಆಮೇಲೆ ಒಳಗೆ ಬರೋದು.”

ಮೇಷ್ಟ್ರು ಹಿಮಮೆಟ್ಟುಗಳನ್ನು ಬೆನ್ನ ಹಿಂದೆ ಮರೆಮಾಡುವಷ್ಟರಲ್ಲಿ ಕುವಾಬಾರಾ ಕೋಲಿನತ್ತ ಬೆರಳು ಮಾಡಿದರು.

“ಈ ಕೋಲಲ್ಲಿ ಹಿಮ ಐದಡಿ. ಮುಂದಿನದೂ ನೋಡಿ ಬಂದೆ, ಅದೂ ಐದೇ. ಮತ್ತೆ ವ್ಯತ್ಯಾಸ ಎಲ್ಲಿ?”

“ಸ್ವಾಮಿ, ಬೆಳಿಗ್ಗೆ ಇಲ್ಲಿ ಆರು ದಾಟಿತ್ತು. ತುಳಿದದ್ದಕ್ಕೆ ಇಳೀತು.”

“ತುಳಿದದ್ದು ಯಾರು?”

“ತಾವೇ.”

ಕುವಾಬಾರಾ ನುಣ್ಣಗಾದ ಹಿಮ ನೋಡಿದರು, ತಮ್ಮ ಪಾದವಿರಬೇಕಾದ ಕಡೆ ನೋಡಿದರು, ಬೇಲಿಯ ಮೇಲೆ ಮುಖವಿಟ್ಟು ಮೆಚ್ಚುಗೆಯಿಂದ ತಲೆದೂಗುತ್ತಿದ್ದ ಓತಾನೆ ಅಜ್ಜಿಯನ್ನೂ ನೋಡಿದರು. ಆಮೇಲೆ ಪೆನ್ಸಿಲಿನ ತುದಿ ನಾಲಗೆಗೆ ಮುಟ್ಟಿಸಿ ಬರೆದರು: ವ್ಯತ್ಯಾಸವಿಲ್ಲ. ಕೋಲು ಮುಂದಿನ ಅಂಗಳದಲ್ಲೇ ಇರಲಿ.

“ನೋಡಪ್ಪ,” ಎಂದಳು ಅಜ್ಜಿ, “ದೊಡ್ಡವರು ಅಂದ್ರೆ ಹೀಗಿರ್ಬೇಕು. ನಾಳೆಯಿಂದ ಮುಂದಿನ ಕೋಲನ್ನ ನಾನೂ ಇನ್ನೊಂದು ಸುತ್ತು ಜಾಸ್ತಿ ತುಳೀತೀನಿ.”

ಮೇಷ್ಟ್ರು ಹಿಮದಲ್ಲಿ ಮಂಡಿಯೂರಿ, ಎರಡು ಹಿಮಮೆಟ್ಟುಗಳ ಮಂಜು ಒರೆಸಿ, ಕುವಾಬಾರಾರ ಕೈಗೆ ಮೆಲ್ಲಗೆ ಹಿಂದಿರುಗಿಸಿದರು.