ಆಸ್ಪತ್ರೆಯಲ್ಲಿ ಲೈಬ್ರರಿಗೆ ಎಂತ ಕೆಲಸ?

ಶಿರಸಿಯ ನಮ್ಮ ಆಸ್ಪತ್ರೆಯ ಲೈಬ್ರರಿಯಲ್ಲಿ ಒಂದು ವಾರವಾದರೂ ಸುಮ್ಮನೆ ಕಳೆದದ್ದು ನನಗಂತೂ ನೆನಪಿಲ್ಲ. ಲೈಬ್ರೇರಿಯನ್ ಅಂತ ಇರುವವಳು ನಾನೊಬ್ಬಳೇ. ಡಾಕ್ಟರುಗಳಿಗೆ ಬೇಕಾದ ಪುಸ್ತಕ, ಲೇಖನ ಹುಡುಕಿ ಕೊಡುವುದು, ರೋಗಿಗಳ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಕಾಯಿಲೆಯ ಮಾಹಿತಿ ಕೊಡುವುದು ನನ್ನ ಕೆಲಸ. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ನನ್ನ ಕೋಣೆಯ ಮೇಲೆ ಕಣ್ಣು. ಗಾಳಿ ಬೆಳಕು ಚೆನ್ನಾಗಿದೆ, ಕ್ಯಾಂಟೀನ್ ಮಾಡೋಣ ಅಂತ ಸಿಕ್ಕಿದವರ ಹತ್ತಿರವೆಲ್ಲ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿ. ಪುಸ್ತಕ ತೆಗೆದು ಇಡ್ಲಿ ಇಡ್ತಾರಂತೆ!

ಸಾಲಿಲ್ಲದ ಡಾಕ್ಟರು

ಬನವಾಸಿ ಕಡೆಯ ಯಜಮಾನರೊಬ್ಬರು ಸೀದಾ ಬಂದು ನನ್ನೆದುರು ಕೂತು ತೋಳು ಚಾಚಿದರು.

"ಬಿ.ಪಿ. ನೋಡ್ರಿ."

"ನಾನು ಡಾಕ್ಟರಲ್ಲ, ಯಜಮಾನ್ರೇ."

"ಇಷ್ಟ ಪುಸ್ತಕ ಇಟಗೊಂಡೀರಿ, ಗೊತ್ತಿರತೈತಿ ಬಿಡ್ರಿ. ಅವರ ಕಡೆ ಪಾಳಿ ಭಾಳ ಐತಿ, ನೀವು ಖಾಲಿ ಕುಂತೀರಿ."

ಖಾಲಿ ಕೂತಿದ್ದೀನಂತೆ! ಸಿಟ್ಟು ನುಂಗಿಕೊಂಡು, ಉಪ್ಪು ಕಡಿಮೆ ಮಾಡುವ ಬಗ್ಗೆ ಒಂದು ಕರಪತ್ರ ಕೊಟ್ಟೆ. ಪೂರ್ತಿ ಓದಿ ವಾಪಸ್ ಮೇಜಿನ ಮೇಲಿಟ್ಟರು.

"ನಂಗ್ಯಾಕ್ರಿ ಇದು? ಹೊರಗ ನಮ್ಮನಿಯಾಕಿ ಕುಂತಾಳ, ಆಕಿಗೆ ಕೊಡ್ರಿ. ಉಪ್ಪು ಹಾಕಾಕಿ ಆಕಿ."

ಮಂಚಿಕೇರಿಯಿಂದ ಬಂದ ರೋಗಿ

ಇನ್ನೊಬ್ಬರು ಮಂಚಿಕೇರಿಯಿಂದ ಬಸ್ ಹಿಡಿದು ಬಂದವರು. ಚೀಲದಿಂದ ಎಲೆಚುಕ್ಕಿ ರೋಗ ಬಿದ್ದ ಅಡಿಕೆ ಸೋಗೆಯ ತುಂಡು ತೆಗೆದು, "ಈ ರೋಗದ ಪುಸ್ತಕ ಇದ್ದಾ?" ಅಂದರು.

"ಇದು ಮನುಷ್ಯರ ಆಸ್ಪತ್ರೆ ಮಾರಾಯ್ರೇ!"

"ಗೊತ್ತಿದ್ದು. ಇದಕ್ಕೆ ಔಷಧಿ ಹೊಡ್ದು ಹೊಡ್ದು ನಂಗೂ ಉಬ್ಬಸ ಶುರುವಾಯ್ದು. ಇಬ್ರಿಗೂ ಸೇರಿ ಒಂದೇ ಪುಸ್ತಕ ಇದ್ರೆ ಕೊಡಿ."

ಎಲ್ಲಾ ಮೊಬೈಲಲ್ಲೇ

ಬೇರೆ ಬೇರೆ ಊರಿನ ಆಸ್ಪತ್ರೆ ಲೈಬ್ರೇರಿಯನ್‌ಗಳದ್ದು ನಮ್ಮದೊಂದು ವಾಟ್ಸಾಪ್ ಗುಂಪಿದೆ. ನನ್ನಂಥ ಒಂಟಿ ಪ್ರಾಣಿಗಳಿಗೆ ಅದೇ ಆಸರೆ. ನನ್ನಲ್ಲಿಲ್ಲದ ಲೇಖನ ಅವರು ಕಳಿಸುತ್ತಾರೆ, ಅವರಲ್ಲಿಲ್ಲದ್ದು ನಾನು.

ಕಾನಸೂರಿನ ಕಡೆಯಿಂದ ಜ್ವರದವರೊಬ್ಬರು ಬಂದಿದ್ದರು. ಹೊಸದಾಗಿ ಸೇರಿದ್ದ ಡಾಕ್ಟರಿಗೆ ಮಂಗನ ಕಾಯಿಲೆ ಇರಬಹುದೇ ಅಂತ ಸಂಶಯ. "ಮೇಡಂ, ಒಳ್ಳೆಯ ಲೇಖನ ಬೇಕು, ಈಗಲೇ!" ಅಂದರು. ಗುಂಪಿನಲ್ಲಿ ಬೇಡಿದೆ. ಒಬ್ಬರು ಕಳಿಸಿದ್ದು ಅರ್ಧವೇ ಇತ್ತು, ಇನ್ನೊಬ್ಬರು ಊಟ ಬಿಟ್ಟೆದ್ದು ಪೂರ್ತಿ ಹುಡುಕಿಕೊಟ್ಟರು. ನಾನು ಸಿಗ್ನಲ್ ಹುಡುಕಿಕೊಂಡು ಮಹಡಿ ಹತ್ತಿ ಡಾಕ್ಟರಿಗೆ ದಾಟಿಸಿದೆ. ಕೆಳಗಿಳಿದು ಬಂದಾಗ ಡಾಕ್ಟರು ಅದನ್ನೇ ಅಧ್ಯಕ್ಷರಿಗೆ ಖುಷಿಯಿಂದ ತೋರಿಸುತ್ತಿದ್ದರು.

"ನೋಡಿ ಸರ್, ಈಗೆಲ್ಲ ಮೊಬೈಲಲ್ಲೇ ಬಂದುಬಿಡ್ತದೆ!"

ಅಧ್ಯಕ್ಷರ ಒಪ್ಪಿಗೆ

ಕೋಣೆ ಲೈಬ್ರರಿಗೋ ಕ್ಯಾಂಟೀನಿಗೋ ಅಂತ ತೀರ್ಮಾನಿಸಲು ಅಧ್ಯಕ್ಷರು ನನ್ನ ಕೋಣೆಯಲ್ಲೇ ಸಭೆ ಕರೆದರು. ಒಂದೊಂದು ಪುಸ್ತಕಕ್ಕೂ ಬೇಡಿ ಕಾಡಿ ಕಟ್ಟಿದ ಕೋಣೆ ಅದು. ಅಳುವೇ ಬಂದಿತ್ತು.

ಡಾಕ್ಟರುಗಳೆಲ್ಲ ಕೂತಾಗಿತ್ತು. ಅಧ್ಯಕ್ಷರು ಬಾಯಿತುಂಬ ಕವಳ ಹಾಕಿಕೊಂಡೇ ಒಳಗೆ ಬಂದರು. ಎಲೆ, ಅಡಿಕೆ, ಜೊತೆಗೆ ತಂಬಾಕು. ತಂಬಾಕು ಬಿಟ್ಟಾಯ್ತು ಅಂತ ಹಿರಿಯ ಡಾಕ್ಟರಿಗೆ ಮಾತು ಕೊಟ್ಟವರು ಅವರು! ಎದುರು ಗೋಡೆಯಲ್ಲಿ ನಾನು ಅಂದೇ ಅಂಟಿಸಿದ್ದ ಬಾಯಿ ಕ್ಯಾನ್ಸರಿನ ದೊಡ್ಡ ಚಿತ್ರ. ಅದನ್ನು ನೋಡಿದ್ದೇ ತುಟಿ ಬಿಗಿದು ಕೂತುಬಿಟ್ಟರು. ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಏನು ಮಾಡೋಣ, ಅಧ್ಯಕ್ಷರೇ?" ಹಿರಿಯ ಡಾಕ್ಟರು ಕೇಳಿದರು.

ಅಧ್ಯಕ್ಷರು ನನ್ನನ್ನು ನೋಡಿ, ಮುಚ್ಚಿದ್ದ ಕಿಟಕಿಯತ್ತ ಕೈ ತೋರಿಸಿ, "ಉಂ... ಉಂ..." ಅಂದರು.

ನಾನು ಬಿಡ್ತೇನಾ? ಎದ್ದು ನಿಂತೆ. "ಲೈಬ್ರರಿ ಇಲ್ಲೇ ಇರಲಿ, ಕಿಟಕಿ ಪಕ್ಕ ಇನ್ನೊಂದು ಕಪಾಟು ಮಾಡಿಸ್ತೇನೆ ಅಂತಿದ್ದಾರೆ. ಅಲ್ಲದಿದ್ದರೆ ಅವರೇ ಬಾಯಿಬಿಟ್ಟು ಹೇಳಲಿ."

ಅವರು ಎರಡೂ ಕೈ ಜೋರಾಗಿ ಆಡಿಸಿದರು. ಡಾಕ್ಟರುಗಳು ಅದನ್ನೇ ಒಪ್ಪಿಗೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಹೊರಗೆ ಓಡಿದರು.

ಬಾಯಿ ತೊಳೆದು ಬಂದವರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ತಂಗೀ, ಆನು ಕೈ ತೋರ್ಸಿದ್ದು ಕಪಾಟಿಗಲ್ಲ! ಉಗಿಯಲೆ ಕಿಟಕಿ ತೆಗಿ ಹೇಳಿ!"

"ಹೌದಾ? ಹಾಗಾದ್ರೆ ಹಿರಿಯ ಡಾಕ್ಟರಿಗೆ ಹಾಗೇ ಹೇಳಿಬಿಡ್ಲಾ?"

ಅವರು ಒಮ್ಮೆ ಡಾಕ್ಟರನ್ನು ನೋಡಿದರು, ಒಮ್ಮೆ ಗೋಡೆಯನ್ನು ನೋಡಿದರು.

"ಎಂತಕ್ಕೆ ಮಾರಾಯ್ತಿ? ಕಪಾಟು ಎರಡು ಮಾಡ್ಸನ."